ಕೈ ತೋರಿಸುವವಳು

ನನ್ನ ಸೊಸೆ ಹಲ್ಲಿನ ಡಾಕ್ಟರು. ದಿನವಿಡೀ ಊರವರಿಗೆಲ್ಲ ಬಾಯಿ ತೆಗೆಯಿರಿ ಎನ್ನುವವಳು, ಮನೆಯಲ್ಲಿ ತನ್ನ ಬಾಯಿ ಮಾತ್ರ ತೆಗೆಯುವುದಿಲ್ಲ. ನಾನು ಗ್ಯಾರೇಜಿನವಳು, ಸ್ಪ್ಯಾನರಿಗಿಂತ ನಾಲಿಗೆ ಜೋರು ಎಂದು ಗಿರಾಕಿಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮಂಡಿ ಕೈಕೊಟ್ಟು ಕ್ಲಚ್ಚು ಒತ್ತಲಾಗದೆ ಹೋದಾಗ ನನ್ನ ಜೀಪು ಮಗನಿಗೆ ಹೋಗಬೇಕಿತ್ತು. ಆ ಮಹಾರಾಯನಿಗೆ ಜೀಪು ಹತ್ತಿದರೆ ವಾಂತಿ. ಹೀಗಾಗಿ ಕೀಲಿಕೈ ಸೊಸೆಯ ಪಾಲಾಯಿತು. ಮನಸಾರೆ ಕೊಟ್ಟೆನೆಂದರೆ ಸುಳ್ಳಾದೀತು.

ಕಾಡುದಾರಿಯಲ್ಲಿ ಜೀಪು ಓಡಿಸುವ ನಮ್ಮ ಗುಂಪಿನಲ್ಲಿ ಆರು ಗಾಡಿ. ಹನ್ನೊಂದು ವರ್ಷದಿಂದ ಎಲ್ಲಕ್ಕಿಂತ ಮುಂದಿನ ಗಾಡಿ ನನ್ನದೇ. ಈಗ ಆ ಜಾಗದ ಮೇಲೆ ಮರದ ಡಿಪೋದವನ ಕಣ್ಣು ಬಿದ್ದಿತ್ತು. ಕಾಡಿನ ನಡುವಿನ ಕೆಮ್ಮಣ್ಣಿನ ಏರನ್ನು ಎಲ್ಲೂ ನಿಲ್ಲದೆ, ಹಗ್ಗ ಕಟ್ಟಿಸಿಕೊಳ್ಳದೆ ಮೊದಲು ಯಾರು ಹತ್ತುತ್ತಾರೋ ಅವರೇ ಇನ್ನು ಮುಂದಾಳು ಎಂದು ಗುಂಪಿಗೆ ಹಿರಿಯರಾದ ಡ್ರಿಲ್ ಮೇಷ್ಟ್ರು ತೀರ್ಮಾನ ಮಾಡಿದರು. ಒಬ್ಬರಿಗೆ ಒಂದೇ ಸರದಿ. ಮೊದಲು ನಮ್ಮದು, ಹಿಂದೆಯೇ ಡಿಪೋದವನದು.

ಏರಿನಲ್ಲಿ ಒಬ್ಬರು ಎದುರಿಗೆ ನಿಂತು ಕೈ ತೋರಿಸುತ್ತಾರೆ; ಓಡಿಸುವವರು ಆ ಕೈಯನ್ನೇ ನಂಬಿ ಬರಬೇಕು. ತನ್ನ ಕೈ ತಪ್ಪಿತೆಂದು ತೋರಿಸಿದವರೇ ಒಪ್ಪಿಕೊಂಡರೆ, ಗಾಡಿ ನಿಂತಿದ್ದರೂ ಅದರ ಸರದಿ ಉಳಿಯುತ್ತದೆ, ಆದರೆ ಅವರು ಆ ದಿನ ಮತ್ತೆ ಕೈ ಎತ್ತುವಂತಿಲ್ಲ. ಹಾಗೆ ಒಪ್ಪಿಕೊಂಡ ಪುಣ್ಯಾತ್ಮರನ್ನು ನಾನಂತೂ ಕಂಡಿರಲಿಲ್ಲ.

ನಮ್ಮ ಜೀಪಿಗೆ ಕೈ ತೋರಿಸುವುದು ನಾನಲ್ಲದೆ ಇನ್ಯಾರು? ಏರಿನ ಅರ್ಧಕ್ಕೆ ಬಲಗಡೆ ಬಂಡೆ, ಎಡಗಡೆ ಕೊರಕಲು, ನಡುವೆ ಜೀಪಿನಗಲ ದಾರಿ. ಅಲ್ಲಿ ನಿಂತು, ನೇರ ಬಾ ಎಂದು ಎರಡೂ ಕೈಯಲ್ಲಿ ಕರೆದೆ. ಸೊಸೆ ಚೆನ್ನಾಗಿಯೇ ಬಂದಳು. ಆ ಇಕ್ಕಟ್ಟಿಗೆ ಇನ್ನೇನು ಎರಡು ಮಾರು ಇದೆ ಎನ್ನುವಾಗ ಗಕ್ಕನೆ ನಿಲ್ಲಿಸಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಕೆಳಗೆ ಡಿಪೋದವನು ಆಗಲೇ ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಿದ್ದ. ಹನ್ನೊಂದು ವರ್ಷದ ಮರ್ಯಾದೆಯನ್ನು ಒಂದು ಬ್ರೇಕಿನಲ್ಲಿ ಮಣ್ಣುಪಾಲು ಮಾಡಿದಳಲ್ಲ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಇಳಿದಳು. ಎಡಗಡೆಯ ಟೈರಿನ ಪಕ್ಕ ಕೂತು ಅಂಗೈ ಅಗಲಿಸಿ ಅಳೆದಳು, ಕೊರಕಲಿನ ಅಂಚಿಗೆ ಬಂದು ಅಲ್ಲಿಯೂ ಅಳೆದಳು. ಆಗ ನನ್ನ ಕಣ್ಣೂ ಟೈರಿನ ಮೇಲೆ ಬಿತ್ತು. ಅದು ಮಡ್‌ಗಾರ್ಡಿನಿಂದ ನಾಲ್ಕು ಬೆರಳು ಆಚೆಗಿತ್ತು.

ಹೋದ ವಾರ ಅಗಲದ ಟೈರು ಹಾಕಿದವಳು ಬೇರೆ ಯಾರೂ ಅಲ್ಲ, ನಾನೇ. ನಟ್ಟು ಬಿಗಿದದ್ದೂ ಈ ಕೈಯೇ. ಆದರೆ ಇಲ್ಲಿ ನಿಂತು ಕರೆಯುವಾಗ ಕಣ್ಣಿನಲ್ಲಿದ್ದದ್ದು ಹಳೆಯ ಜೀಪಿನ ಅಗಲ. ಅವಳು ನನ್ನ ಕೈ ನಂಬಿ ಬಂದಿದ್ದರೆ ಎಡಗಾಲಿ ಕೊರಕಲಿಗೆ ಇಳಿಯುತ್ತಿತ್ತು, ಹಿಂದೆಯೇ ಅವಳು.

ಮೇಷ್ಟ್ರು ಏದುಸಿರು ಬಿಡುತ್ತ ಹತ್ತಿ ಬಂದು ಯಾಕೆ ನಿಂತಿತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸೊಸೆ ಹೇಳಿದಳು: "ನಂಗೆ ಧೈರ್ಯ ಸಾಲ್ಲಿಲ್ಲ ಮೇಷ್ಟ್ರೇ. ಅತ್ತೆ ಸರಿಯಾಗೇ ತೋರ್ಸಿದ್ರು."

ಇಷ್ಟು ಹೊತ್ತು ಬೈಸಿಕೊಂಡವಳು ನನ್ನ ತಲೆ ಕಾಯಲು ತನ್ನ ಸರದಿಯನ್ನೇ ಬಿಟ್ಟುಕೊಡುತ್ತಿದ್ದಳು. ಸುಮ್ಮನಿದ್ದರೆ ನನ್ನ ಕೈಗೆ ಕಪ್ಪು ಚುಕ್ಕೆ ಇರುತ್ತಿರಲಿಲ್ಲ. ಸುಮ್ಮನಿರಲು ನನಗೆಲ್ಲಿ ಬರುತ್ತದೆ?

"ಅವಳು ಸುಳ್ಳು ಹೇಳ್ತಿದಾಳೆ," ಎಂದೆ, ಕೆಳಗಿನ ಗಾಡಿಗಳಿಗೂ ಕೇಳುವ ಹಾಗೆ. "ತಪ್ಪಿದ್ದು ನನ್ನ ಕೈ. ಟೈರು ಅಗಲ ಆಗಿರೋದೇ ಮರೆತುಹೋಗಿತ್ತು."

ಮೇಷ್ಟ್ರು, ಸರದಿ ಉಳಿಯಿತು, ನೀವು ಪಕ್ಕಕ್ಕೆ ಬನ್ನಿ ಎಂದರು. ಬಂದೆ.

ಬೇರೆಯವರು ಕೈ ತೋರಿಸುತ್ತೇವೆಂದರೂ ಸೊಸೆ ಬೇಡವೆಂದಳು. ಏರನ್ನು ಎರಡು ಸಲ ನಡೆದು ನೋಡಿದಳು, ಜೀಪನ್ನು ಬುಡಕ್ಕೆ ಇಳಿಸಿದಳು, ಮತ್ತೆ ಹೊರಟಳು. ಇಕ್ಕಟ್ಟಿಗೆ ಬಂದಾಗ ಬಲಗಾಲಿಯನ್ನು ಬಂಡೆಯ ಮೇಲಕ್ಕೇ ಹತ್ತಿಸಿದಳು. ಜೀಪು ಎಡಕ್ಕೆ ವಾಲಿತು. ಎಂಜಿನ್ನಿನ ಸದ್ದು ಒಂದಿಷ್ಟೂ ಏರುಪೇರಾಗದೆ ಗಾಡಿ ಮೇಲೆ ಹೋಗಿ ನಿಂತಿತು. ನನ್ನ ಸೊಸೆ ಎಂದು ಯಾರಿಗೋ ಹೇಳಿದೆ. ತಿರುಗಿ ನೋಡಿದರೆ ಪಕ್ಕದಲ್ಲಿದ್ದವನು, ನೋಡಲು ಏರು ಹತ್ತಿ ಬಂದಿದ್ದ ಡಿಪೋದವನೇ. ಗೊತ್ತಲ್ಲಕ್ಕಾ ಎಂದ, ಇಂಗು ತಿಂದ ಮಂಗನ ಮುಖ ಮಾಡಿಕೊಂಡು.

ರಾತ್ರಿ ಮೇಲೆ ತಂಗಿ, ಬೆಳಿಗ್ಗೆ ಅದೇ ದಾರಿಯಲ್ಲಿ ವಾಪಸು ಹೊರಟೆವು. ನಮ್ಮದೇ ಮುಂದಿನ ಗಾಡಿ. ನಾನು ಪಕ್ಕದ ಸೀಟಿನಲ್ಲಿ, ಕೈ ಮಡಿಲಲ್ಲಿಟ್ಟುಕೊಂಡು, ಇನ್ನು ನನಗೆ ಇದೇ ಜಾಗವೆಂದುಕೊಂಡು ಕೂತಿದ್ದೆ. ಬಂಡೆಯ ಹತ್ತಿರ ಬಂದಾಗ ಸೊಸೆ ಎಂಜಿನ್ನು ಆರಿಸಿದಳು. ಹಿಂದೆ ಐದೂ ಗಾಡಿ ನಿಂತವು. ಒಬ್ಬ ಹಾರ್ನು ಹೊಡೆದ, ಇನ್ನೊಬ್ಬ ಕತ್ತು ಹೊರಗೆ ಹಾಕಿದ. ಅವಳು ಅಲುಗಲಿಲ್ಲ.

"ಇಳೀರಿ ಅತ್ತೆ. ನಿಮ್ಮ ಕೈ ಕಾಣದೆ ನಾನು ಗಾಡಿ ಬಿಡಲ್ಲ."

ಇಳಿದೆ. ಮೊದಲು ಟೈರಿನ ಪಕ್ಕ ಬಗ್ಗಿ ಅಂಗೈ ಅಗಲಿಸಿ ಅಳೆದೆ, ಅವಳು ಅಳೆದ ಹಾಗೆಯೇ. ಆಮೇಲೆ ಕೆಳಗೆ ಹೋಗಿ, ಆರೂ ಗಾಡಿಗೆ ಕಾಣುವ ಹಾಗೆ ನಿಂತು ಕೈ ಎತ್ತಿದೆ.