ಮೇಲಿನ ದವಡೆ ಹಲ್ಲು

ಹಲ್ಲುನೋವು ತಡೆದುಕೊಳ್ಳುವುದರಲ್ಲಿ ನಮ್ಮ ಸೂಡಿ ಊರಿನಲ್ಲಿ ನನ್ನನ್ನು ಮೀರಿಸಿದ ಮೂರ್ಖ ಇನ್ನೊಬ್ಬನಿರಲಿಲ್ಲ. ಇದು ೨೦೦೬ರ ಮಾತು. ಎರಡು ತಿಂಗಳು ಲವಂಗ ಕಚ್ಚಿಕೊಂಡೇ ಹೊಲಿಗೆ ಮಷಿನ್ ತುಳಿದೆ. ಗಲ್ಲ ಊದಿ ಗಿರಾಕಿಗಳು ನಗತೊಡಗಿದರೂ ದವಾಖಾನೆಯ ಕಡೆ ಹೊರಳಲಿಲ್ಲ.

ಕೆಟ್ಟದ್ದು ಮೇಲಿನ ಹಲ್ಲು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತವೆ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ, ಮನೆಯಲ್ಲೇ ನೋಡಿದ್ದೆ. ಏಳು ವರ್ಷದ ಹಿಂದೆ ನಮ್ಮವ್ವ ಕಲ್ಲವ್ವನನ್ನು ಹಟ ಹಿಡಿದು ರೋಣಕ್ಕೆ ಕರೆದೊಯ್ದು ಹಲ್ಲು ಕೀಳಿಸಿದವನು ನಾನೇ. ವರ್ಷದೊಳಗೆ ಆಕೆಯ ಕಣ್ಣು ಮಂಜಾದವು, ಆಮೇಲೆ ಪೂರ್ತಿ ಹೋದವು. ಅವ್ವ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ದಿನಾ ರೊಟ್ಟಿ ಮುರಿದು ಆಕೆಯ ಕೈಗೆ ನಾನೇ ಕೊಡುತ್ತಿದ್ದೆ.

ನನಗೇ ರೊಟ್ಟಿ ಅಗಿಯಲಾಗದ ದಿನ ಹೆಂಡತಿ ಸುಶೀಲವ್ವ ಬೈದು ಗಜೇಂದ್ರಗಡದ ಬಸ್ಸಿಗೆ ಹತ್ತಿಸಿದಳು. ಅಲ್ಲಿನ ಹಲ್ಲಿನ ಡಾಕ್ಟರ್ ನಾಜಮೀನ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೋಡಿ, "ಇದು ಉಳಿಯಂಗಿಲ್ರಿ ಕಾಕಾ, ತಗೀಬೇಕು" ಅಂದರು.

"ಕಣ್ಣ ಹೋದ್ರ ನನ್ನ ಅಂಗಡಿ ನೀವು ನಡಸ್ತೀರೇನ್ರಿ?" ಎಂದು ರೇಗಿದೆ.

ಅವರು ಸಿಟ್ಟಾಗಲಿಲ್ಲ. "ಹಲ್ಲಿನ ನರಾನ ಬ್ಯಾರೆ, ಕಣ್ಣಿನ ನರಾನ ಬ್ಯಾರೆ. ಯಾರ ಹೇಳ್ಯಾರ್ರಿ ನಿಮಗ?"

ಅವ್ವನ ಸಂಗತಿ ಹೇಳಿದೆ. ಅವರು ಇಕ್ಕಳ ಕೆಳಗಿಟ್ಟರು.

"ಅವ್ವಾರಿಗೆ ವಯಸ್ಸೆಷ್ಟು? ಕಣ್ಣಗುಡ್ಡಿ ಬೆಳ್ಳಗ ಆಗ್ಯಾವೇನ್ರಿ?"

"ಎಪ್ಪತ್ತರ ಮ್ಯಾಗ. ಕೆನಿ ಕಟ್ಟಿದಂಗ ಕಾಣ್ತಾವ್ರಿ."

"ಬೆಳಕರ ತಿಳೀತೈತಿ?"

"ಬಾಗಲಾ ತೆರದ್ರ ಬಿಸಲ ಬಂತು ಅಂತಾಳ್ರಿ."

"ಕಾಕಾ, ಅದು ಪೊರಿ ಇದ್ದಂಗ ಐತಿ. ವಯಸ್ಸಾದವರಿಗೆ ಬರ್ತೈತಿ. ಹಲ್ಲ ಕೀಳಿಸಿದ ಹೊತ್ತಿಗೇ ಬಂದೈತಿ, ಅಷ್ಟ. ಲಗೂನ ಕಣ್ಣಿನ ಡಾಕ್ಟರಿಗೆ ತೋರಸ್ರಿ. ನೀವು ಕಳದಿಲ್ರಿ ಅವರ ಕಣ್ಣ."

ಆ ಕುರ್ಚಿಯಲ್ಲಿ ಕೂತು ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟೆ. ಸೂಜಿ ಚುಚ್ಚಿದ್ದೂ ಹಲ್ಲು ಬಂದದ್ದೂ ಸರಿಯಾಗಿ ನೆನಪಿಲ್ಲ.

ಬಸ್ಸಿನಲ್ಲಿ ಮಾತ್ರ ನನ್ನ ಮೇಲೇ ಸಿಟ್ಟು ಬಂತು. ಹಲ್ಲಿನಿಂದ ಹೋದ ಕಣ್ಣು ತಿರುಗಿ ಬರುವುದಿಲ್ಲ ಎಂದುಕೊಂಡು ಏಳು ವರ್ಷ ಕಣ್ಣಿನ ಡಾಕ್ಟರ ಮನೆ ಬಾಗಿಲು ತುಳಿಯದವನು ನಾನೇ ಅಲ್ಲವೆ?

ಮರುವಾರ ಅವ್ವನನ್ನು ಗದಗಿಗೆ ಕರೆದೊಯ್ದೆ. ಒಂದು ಕಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚುವಾಗ ಎದುರಿಗೇ ಕೂತಿದ್ದೆ. ಅವ್ವ ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ಕೈ ಚಾಚಿ ನನ್ನ ತಲೆ ಸವರಿದಳು.

"ಹೇಮ್ಯಾ, ಎಷ್ಟ ಬೆಳ್ಳಗಾಗೇತೋ ಕೂದಲಾ! ನನ್ನ ಚಿಂತಿನ ಹಚಗೊಂಡ ಕುಂತಿದ್ದೇನೋ ಇಷ್ಟ ವರ್ಷಾ?"

ಆಕೆಯ ಕಾಲು ಹಿಡಿದುಕೊಂಡೆ.

ಊರಿಗೆ ಮರಳುವಾಗ, ನಾಜಮೀನರ ಮಾತನ್ನೆಲ್ಲ ನನ್ನಿಂದ ಕೇಳಿದ್ದ ಅವ್ವ ಗಜೇಂದ್ರಗಡದಲ್ಲಿ ಇಳಿಯಲೇಬೇಕೆಂದು ಹಟ ಹಿಡಿದಳು. ದವಾಖಾನೆಯಲ್ಲಿ ಸಾಲಾಗಿ ಕೂತವರನ್ನೆಲ್ಲ ದಾಟಿ ನೆಟ್ಟಗೆ ಒಳಗೆ ಹೋಗಿ, ನಾಜಮೀನರ ಎರಡೂ ಗಲ್ಲ ಹಿಡಿದುಕೊಂಡಳು.

"ನೂರು ವರ್ಷ ಬಾಳ ನನ್ನವ್ವಾ," ಅಂದಳು. "ನನ್ನ ಮಗನ ಮಾರಿ ನನಗ ತಿರುಗಿ ತೋರಿಸಿದಿ."