ಅಕ್ಕ ಜರುಗಿಸದ ಗೆರೆ

“ಸ್ವಲ್ಪ ಓರೆ ಮಾಡಿ, ಅಮ್ಮನ ತಲೆ ಗೋಡೆಗೆ ತಾಗುತ್ತೆ,” ಎಂದಳು ಮಗಳು.

ಮೆಟ್ಟಿಲ ತಿರುವಿನಲ್ಲಿ ಹೆಣ ಹೊತ್ತ ನಾಲ್ವರು ಸಿಕ್ಕಿಕೊಂಡಿದ್ದರು. ನಾಲ್ವರೂ ತಾಯಿಯ ಕಚೇರಿಯವರು. ಎದುರು ಬೀದಿಯವರಲ್ಲಿ ಒಬ್ಬನೂ ಹೆಗಲು ಕೊಟ್ಟಿರಲಿಲ್ಲ. ಗುಡ್ಡ ಎಲ್ಲೆಲ್ಲಿ ಕುಸಿಯಬಹುದೆಂದು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು ತಾಯಿಯ ಕೆಲಸವಾಗಿತ್ತು. ಆ ನಕ್ಷೆಯಲ್ಲಿ ಗುಡ್ಡದ ಬುಡದ ಆ ಬೀದಿ ಪೂರಾ ಕೆಂಪು. ಕೆಂಪಿದ್ದಲ್ಲಿ ಮನೆಯ ಮೇಲೆ ಮನೆ ಕಟ್ಟಲು ಪರವಾನಗಿ ಸಿಗದು. ಅಂದಿನಿಂದ ಬೀದಿಗೆ ಆಕೆ ‘ಕೆಂಪು ಪೆನ್ನು’. ಕನ್ನಡಿಗೆ ಬೈದರೆ ಮುಖದ ಮಸಿ ಹೋಗುತ್ತದೆಂದು ನಂಬಿದ ಜನ.

ಆ ಬೀದಿಯಲ್ಲೇ ಮನೆಯಿದ್ದ ಆಕೆಯ ತಮ್ಮ ಕೆಳಗೆ ಫೋನು ನೋಡುತ್ತ ನಿಂತಿದ್ದ.

“ಮಾವ, ನೀನಾದ್ರೂ ಒಂದು ಕೈ ಕೊಡು.”

“ಸೊಂಟ ಹಿಡ್ಕೊಂಡಿದೆ ಕಣೇ.”

ಅವನ ಸೊಂಟಕ್ಕಿಷ್ಟು ಬೆಂಕಿ ಹಾಕಬೇಕೆನಿಸಿತು ಅವಳಿಗೆ.

*

ಅವನು ಅಕ್ಕನ ಜೊತೆ ಕೊನೆಯ ಬಾರಿ ಮಾತಾಡಿದ್ದು ಅವಳ ಕಚೇರಿಯಲ್ಲಿ.

“ನನ್ನದೊಂದು ಮನೆ ಹಳದಿ ಮಾಡಕ್ಕ, ಮೇಲೆ ಕಟ್ಟೋಕೆ ಬಿಡ್ತಾರೆ. ಯಾರಿಗೆ ಗೊತ್ತಾಗುತ್ತೆ?”

“ಇದೇನು ಮಕ್ಕಳ ಬಣ್ಣದ ಪುಸ್ತಕನೇನೋ? ಇಳಿಜಾರು, ಮಣ್ಣು, ನೀರು ಹರಿಯೋ ದಾರಿ, ಹಿಂದೆ ಎಲ್ಲಿ ಕುಸಿದಿತ್ತು, ಎಲ್ಲ ಸೇರಿ ಒಂದೊಂದು ಜಾಗಕ್ಕೆ ಒಂದು ಅಂಕ ಬರುತ್ತೆ. ಇಷ್ಟು ದಾಟಿದ್ರೆ ಕೆಂಪು ಅಂತ ಒಂದು ಗೆರೆ. ನಿನಗೋಸ್ಕರ ಆ ಗೆರೆ ಜರುಗಿಸಿದ್ರೆ ಗುಡ್ಡ ಪೂರ್ತಿ ಹಳದಿ ಆಗುತ್ತೆ. ಅಲ್ಲಿರೋ ಶಾಲೆನೂ.”

“ಆಗ್ಲಿ ಬಿಡು. ಇಷ್ಟು ವರ್ಷ ಬೀಳದ ಗುಡ್ಡ ಈಗ ಬೀಳುತ್ತಾ?”

“ಇಷ್ಟು ವರ್ಷ ಅದರ ಬುಡ ಯಾರೂ ಕಡಿದಿರಲಿಲ್ಲ. ಕಾರು ನಿಲ್ಲಿಸೋಕೆ ಅಂತ ನೀನು ಕಡಿದೆ.”

“ಒಡಹುಟ್ಟಿದವನಿಗಿಂತ ಕಂಪ್ಯೂಟರ್ ಹೆಚ್ಚಾಯ್ತಾ?”

“ಹೌದು. ಅದು ಸುಳ್ಳು ಹೇಳು ಅಂತ ಪೀಡಿಸಲ್ಲ.”

*

ಚಿತಾಗಾರದ ಸಿಮೆಂಟು ಬೆಂಚಿನಲ್ಲಿ ಮಾವ ಅವಳ ಪಕ್ಕ ಬಂದು ಕೂತ. ಒಳಗೆ ಇನ್ನೂ ಉರಿಯುತ್ತಿತ್ತು.

“ನಿಮ್ಮಮ್ಮನ ಕಚೇರಿ ಸಾಹೇಬ್ರ ಹತ್ರ ಮಾತಾಡಿದೆ. ಮುಂದಿನ ವಾರ ಗೆರೆ ಜರುಗಿಸ್ತಾರಂತೆ. ಅಡ್ಡ ಇದ್ದದ್ದು ನಿಮ್ಮಮ್ಮ ಒಬ್ಬಳೇ.”

ಸಾಹೇಬರು ಅಲ್ಲೇ ಇದ್ದರು. ಗಂಟಲು ಸರಿಮಾಡಿಕೊಂಡು, “ಮರುಪರಿಶೀಲನೆ ಅಷ್ಟೇ ಕಣಮ್ಮ. ಜನರ ಒತ್ತಡ ನೋಡಿ,” ಎಂದರು.

ಉರಿಯುವ ಮನೆಯಲ್ಲಿ ಗಳ ಹಿರಿಯುವುದನ್ನು ಅವಳು ಕೇಳಿದ್ದಳು. ಇವರು ಉರಿಯುವ ಚಿತೆಯನ್ನೂ ಬಿಡುವವರಲ್ಲ.

“ಅಮ್ಮನ ಬೂದಿ ಆರೋವರೆಗಾದ್ರೂ ಕಾಯಿರಿ,” ಎಂದಳು. “ಶಾಲೆ ಮಕ್ಕಳ ಮೇಲೆ ಮಣ್ಣು ಬಿದ್ರೆ ಆಗಲೂ ಹೀಗೇ ಬಂದು ಬೆಂಚಿನ ಮೇಲೆ ಕೂತ್ಕೊಳ್ಳಿ, ಇಬ್ಬರೂ.”

“ದುಃಖದಲ್ಲಿ ಮಾತಾಡ್ತಿದಾಳೆ,” ಎಂದ ಮಾವ ಸಾಹೇಬರಿಗೆ.

“ದುಃಖ ಅಲ್ಲ ಮಾವ, ಸಿಟ್ಟು.”

*

ಸಂಜೆ ಮಳೆ ಹಿಡಿಯಿತು. ಬಂದವರೆಲ್ಲ ಹೋಗಿಯಾಗಿತ್ತು. ಅವಳು ಅಮ್ಮನ ಮನೆಯ ನೆಲ ಒರೆಸುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಹೊರಗೆ ಮಾವನ ಹೆಂಡತಿ ಅತ್ತೆ, ಅವಳ ಎರಡೂ ಕೈಯಲ್ಲಿ ನೆನೆದ ಮೊಮ್ಮಕ್ಕಳು.

“ಏನತ್ತೆ?”

“ನೀನು ಬೇರೆ ಊರಲ್ಲಿರೋಳು, ನಿನಗೆ ಗೊತ್ತಿಲ್ಲ. ಮಳೆ ಜೋರಾದ್ರೆ ಸಾಕು, ಮಕ್ಕಳನ್ನ ಕಳಿಸು ಅಂತ ನಿಮ್ಮಮ್ಮ ನನಗೆ ಫೋನ್ ಮಾಡ್ತಿದ್ರು. ಇಲ್ಲೇ ಮಲಗೋವು. ಇವತ್ತು ಫೋನ್ ಬರಲಿಲ್ಲ. ನಾನೇ ಕರ್ಕೊಂಡು ಬಂದೆ.”

“ಮಾವನಿಗೆ ಗೊತ್ತಾ?”

ಅತ್ತೆ ಪಕ್ಕಕ್ಕೆ ಸರಿದಳು. ಹಿಂದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಾಸಿಗೆ ಹೊತ್ತು ಮಾವ ನಿಂತಿದ್ದ. ಸೊಂಟ ನೆಟ್ಟಗಿತ್ತು.

“ಗುಡ್ಡ ಬೀಳಲ್ಲ ಅಂತಿದ್ದೆಯಲ್ಲ ಮಾವ?”

ಅವನು ಒಳಗೆ ಬಂದು, ಬೆಳಿಗ್ಗೆ ಅಕ್ಕನನ್ನು ಮಲಗಿಸಿದ್ದ ಜಾಗದಲ್ಲೇ ಹಾಸಿಗೆ ಬಿಚ್ಚಿದ. ಮಕ್ಕಳಿಗೆ ಎರಡು ದಿಂಬು ಇಟ್ಟ. ಆಮೇಲೆ ಗೋಡೆಯ ಪಕ್ಕ ತನಗೂ ಒಂದು ಇಟ್ಟುಕೊಂಡ.