ಹಸಿರು ಜೋಡಿಯ ನಡುವೆ

ಆ ದಿನ ಬೆಳಗ್ಗೆ ರೊಳ್ಳ ಊರಿನ ಸುತ್ತ ಮೋಡ ಮುಚ್ಚಿಕೊಂಡು ಕೂತಿತ್ತು. ಮಳೆಯಾಗಿ ಇಳಿಯುವ ಮನಸ್ಸೂ ಅದಕ್ಕಿರಲಿಲ್ಲ, ಬಿಸಿಲಿಗೆ ದಾರಿ ಬಿಡುವ ಮನಸ್ಸೂ ಇರಲಿಲ್ಲ. ಕಡಲೆಕಾಯಿ ಹೊಲಗಳ ಮೇಲೆ ಒಂದೆಲೆ ಅಲುಗುವಷ್ಟೂ ಗಾಳಿಯಿಲ್ಲ. ನಿನ್ನೆ ಒಗೆದು ಹರವಿದ ಬಟ್ಟೆ ಇನ್ನೂ ಹಸಿಯಾಗಿಯೇ ತೂಗುತ್ತಿತ್ತು. ಇಂಥ ದಿನ ಮನುಷ್ಯನಿಗೇ ಮೈ ಏಳುವುದಿಲ್ಲ; ಇನ್ನು ಎಳ್ಳುಕಾಳಿನಷ್ಟಿರುವ ರೇಷ್ಮೆ ಹುಳದ ಗತಿ ಏನು? ಜ್ವರಕ್ಕೆ ಕೂತ ಹುಳ ಒಂದು ಈಗ ಎದ್ದರೆ ಇನ್ನೊಂದು ಇನ್ನಾವಾಗಲೋ ಏಳುತ್ತದೆ.

ಜ್ವರವೆಂದರೆ ಕಾಯಿಲೆಯಲ್ಲ. ಹುಳ ಹಳೆಯ ಚರ್ಮ ಕಳಚುವ ಮೊದಲು ತಲೆ ಎತ್ತಿ, ಉಣ್ಣದೆ, ಅಲುಗದೆ, ಜಪಕ್ಕೆ ಕೂತಂತೆ ಒಂದು ಹಗಲು ಒಂದು ರಾತ್ರಿ ಕೂರುತ್ತದಲ್ಲ, ಅದಕ್ಕೆ ಆ ಕಡೆಯವರು ಇಟ್ಟ ಹೆಸರು.

ರುದ್ರಮುನಿ ಅಯ್ನೋರು ತಮ್ಮ ಹಳೇ ಬೈಕಿನ ಹಿಂದೆ ನೀಲಿ ವೈರಿನ ಸುರುಳಿ ಕಟ್ಟಿಕೊಂಡು ದ್ರಾಕ್ಷಾಯಣಮ್ಮನ ಅಂಗಳಕ್ಕೆ ಬಂದಾಗ ಎಂಟು ಗಂಟೆ. ಹಣೆಯಲ್ಲಿ ಮೂರು ಬೆರಳ ವಿಭೂತಿ, ಜೇಬಿನಲ್ಲಿ ಟೆಸ್ಟರು. ಸುತ್ತಲ ಹತ್ತು ಹಳ್ಳಿಯಲ್ಲಿ ಲಗ್ನ ಮಾಡಿಸುವವರೂ ಅವರೇ, ಲಗ್ನದ ಮನೆಗೆ ವೈರಿಂಗ್ ಮಾಡುವವರೂ ಅವರೇ. ಎರಡೂ ಶಿವ ಕೊಟ್ಟ ಕೆಲಸ, ಎರಡೂ ಕೂಡಿಸುವ ಕೆಲಸ ಎಂದು ಅವರ ನಂಬಿಕೆ. ಐವತ್ತೈದು ವರ್ಷದ ಬದುಕಿನಲ್ಲಿ ಕೈ ನಡುಗಿದ್ದಿಲ್ಲ, ಕೊಟ್ಟ ಮಾತು ತಪ್ಪಿದ್ದಿಲ್ಲ.

"ಬನ್ನಿ ಅಯ್ನೋರೆ," ದ್ರಾಕ್ಷಾಯಣಮ್ಮ ಜಗುಲಿಯಿಂದ ಕರೆದಳು. ಮಾತು ಮುಗಿಯುವ ಮೊದಲೇ ಎದೆಯಲ್ಲಿ ಸುಯ್ ಎಂದಿತು. "ಹುಳ ನಿನ್ನೆ ಮಧ್ಯಾಹ್ನ ಜ್ವರಕ್ಕೆ ಕೂತ್ಕೊಂಡವೆ. ಇವತ್ತು ಮಧ್ಯಾಹ್ನದೊಳಗೆ ಏಳ್ತವೆ. ಅಷ್ಟ್ರಲ್ಲಿ ನಂಗೆ ಕಾಣಂಗೆ ಮಾಡ್ತೀರಾ?"

"ಊಟದ ಹೊತ್ತಿಗೆ ನೀನು ಇಲ್ಲೇ ಕೂತ್ಕೊಂಡು ಹುಳದ ಮುಖ ನೋಡ್ತೀಯ ಅಕ್ಕ. ನನ್ನ ಮಾತು."

ಇಪ್ಪತ್ತು ವರ್ಷದಿಂದ ದ್ರಾಕ್ಷಾಯಣಮ್ಮ ಚಾಕಿ ಮನೆ ನಡೆಸುತ್ತಿದ್ದಳು. ಮೊಟ್ಟೆಯಿಂದ ಈಗಷ್ಟೇ ಹೊರಬಂದ ಹುಳವನ್ನು ಎರಡನೇ ಜ್ವರದವರೆಗೆ ಸಾಕಿ ನಲವತ್ತು ಮನೆಯ ರೈತರಿಗೆ ಹಂಚುವ ಕೆಲಸ. ಅದರಲ್ಲಿ ಅವಳ ಕಣ್ಣಿಗೆ ಸಮ ಇರಲಿಲ್ಲ. ನೂರಕ್ಕೆ ತೊಂಬತ್ತು ಹುಳ ಎದ್ದ ಮೇಲೆಯೇ ಸೊಪ್ಪು ಹಾಕಬೇಕು. ಮೊದಲೇ ಹಾಕಿದರೆ ಎದ್ದವು ತಿಂದು ಬೆಳೆಯುತ್ತವೆ, ಏಳದವು ಸೊಪ್ಪಿನ ಅಡಿಯಲ್ಲೇ ಸಿಕ್ಕಿ ಸಣ್ಣಗಾಗುತ್ತವೆ. ಆಮೇಲೆ ಆ ತಂಡದ ಹುಳ ಯಾವತ್ತೂ ಒಂದೇ ಸಮ ಆಗುವುದಿಲ್ಲ. ಆದರೆ ಸುಣ್ಣದ ಪುಡಿ, ಔಷಧಿಯ ಘಾಟು ವರ್ಷಗಟ್ಟಲೆ ಕುಡಿದು ಅವಳಿಗೆ ದಮ್ಮು ಹತ್ತಿತ್ತು. ಹಿಂದೂಪುರದ ಡಾಕ್ಟರು ಹುಳದ ಮನೆಯ ಹೊಸ್ತಿಲು ತುಳಿಯಬೇಡ ಎಂದಿದ್ದರು. ಮೂರು ತಿಂಗಳಿಂದ ಸೊಸೆ ಅಂಜನಾ ಒಳಗೆ, ಅತ್ತೆ ಹೊರಗೆ. ಫೋನಿನಲ್ಲಿ ತೋರಿಸಿದರೆ ಹುಳ ಅಕ್ಕಿ ನುಚ್ಚಿನಂತೆ ಕಾಣುತ್ತಿತ್ತು, ಅದೂ ಆ ತಗ್ಗಿನಲ್ಲಿ ನೆಟ್‌ವರ್ಕ್ ಸಿಕ್ಕಾಗ.

ಮೊಟ್ಟೆ ಪರೀಕ್ಷೆಗೆ ತಂದಿದ್ದ ಒಂದು ಸಣ್ಣ ಯುಎಸ್‌ಬಿ ಕ್ಯಾಮೆರಾ ಮನೆಯಲ್ಲಿತ್ತು. ಹುಳದ ಮೇಲಿಟ್ಟರೆ ಅದರ ಬಾಯಿಯೂ ಕಾಣುತ್ತದೆ. ಆದರೆ ಯುಎಸ್‌ಬಿ ವೈರು ಐದು ಮೀಟರು ದಾಟಿದರೆ ಸುಸ್ತಾಗುತ್ತದೆ. ಹುಳದ ಮನೆಯಿಂದ ಜಗುಲಿಗೆ ಅರವತ್ತೈದು ಮೀಟರು. ಕಂಪ್ಯೂಟರನ್ನೇ ಒಳಗಿಟ್ಟರೆ ಸುಣ್ಣದ ಪುಡಿಗೆ ಅದಕ್ಕೂ ದಮ್ಮು ಹತ್ತುತ್ತದೆ. ಅದಕ್ಕೇ ಅಯ್ನೋರು ರಾಯದುರ್ಗದ ವಾಗೀಶನಿಂದ ಎರಡು ಪೆಟ್ಟಿಗೆ ತರಿಸಿದ್ದರು. ಅಂಗೈಯಗಲದವು. ಒಂದು ಜಗುಲಿಯ ಕಂಪ್ಯೂಟರಿನ ಪಕ್ಕ, ಇನ್ನೊಂದು ಕ್ಯಾಮೆರಾದ ಪಕ್ಕ, ನಡುವೆ ಎಂಟು ಎಳೆಯ ನೆಟ್‌ವರ್ಕ್ ವೈರು. ಕಂಪ್ಯೂಟರಿಗೆ ಕ್ಯಾಮೆರಾ ತನ್ನ ಮಗ್ಗುಲಲ್ಲೇ ಕೂತಿದೆ ಎಂದು ಅನ್ನಿಸಬೇಕು, ಅಷ್ಟೇ.

ಅಯ್ನೋರು ಕೆಲಸಕ್ಕೆ ಕೂತರು. ಜಗುಲಿಯಿಂದ ಅಂಗಳದ ಬೇವಿನ ಮರಕ್ಕೆ, ಅಲ್ಲಿಂದ ಸೊಪ್ಪಿನ ಕೋಣೆಯ ಗೋಡೆಗೆ, ಅಲ್ಲಿಂದ ಹುಳದ ಮನೆಯ ಕಿಂಡಿಗೆ ವೈರು ಎಳೆದರು. ಬೋರಿನ ಮೋಟರಿನ ಕರೆಂಟ್ ವೈರಿಗೆ ತಾಗದಂತೆ ಮೊಳದಷ್ಟು ದೂರ ಇಟ್ಟರು. ಎರಡು ತುದಿಯ ಪ್ಲಗ್ಗನ್ನೂ ತಾವೇ ಒತ್ತಿದರು. ಎಂಟು ಎಳೆ, ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಬಣ್ಣಕ್ಕೂ ಬಿಳಿ ಗೆರೆಯ ಒಂದು ಸಂಗಾತಿ, ಎರಡೂ ವೈರಿನುದ್ದಕ್ಕೂ ಒಂದಕ್ಕೊಂದು ಹೆಣೆದುಕೊಂಡಂಥವು. ವೈರು ಪರೀಕ್ಷೆಯ ಡಬ್ಬಿ ಸಿಕ್ಕಿಸಿದಾಗ ಒಂದರಿಂದ ಎಂಟರವರೆಗೆ ದೀಪ ಸರಿಯಾದ ಸಾಲಿನಲ್ಲಿ ಬೆಳಗಿತು.

"ಶಿವಾಯ ನಮಃ," ಎಂದು ಪೆಟ್ಟಿಗೆಗೆ ಕರೆಂಟ್ ಕೊಟ್ಟರು.

ಪರದೆಯ ಮೇಲೆ ಒಂದು ಕ್ಷಣ ಹುಳ ಕಂಡಿತು. ದ್ರಾಕ್ಷಾಯಣಮ್ಮ "ಅಗಳಪ್ಪಾ!" ಎಂದು ಮುಂದಕ್ಕೆ ಬಾಗುವಷ್ಟರಲ್ಲಿ ಚಿತ್ರ ನಿಂತುಹೋಯಿತು, ಆಮೇಲೆ ಕಪ್ಪಾಯಿತು. ಪೆಟ್ಟಿಗೆಯ ಹಸಿರು ದೀಪ ಕಣ್ಣು ಮಿಟುಕಿಸಿ ಆರಿತು. ಮತ್ತೆ ಹಚ್ಚಿದರು. ಮತ್ತೆ ಅದೇ. ಮೂರನೇ ಸಲ ಚಿತ್ರ ಬಂದಾಗ ಒಳಗೆ ಅಂಜನಾ ತಟ್ಟೆ ಸರಿಸಿದ್ದು ಕಂಡಿತು, ಅದೇ ಗಳಿಗೆಗೆ ಕತ್ತಲು.

ಅಯ್ನೋರು ಹುಳದ ಮನೆಯ ಬಾಗಿಲಿಗೆ ಹೋಗಿ ಅಂಗಳಕ್ಕೆಲ್ಲ ಕೇಳುವಂತೆ ಅಂದರು: "ತಟ್ಟೆ ಎಳೆಯೋವಾಗ ವೈರ್ ಜಗ್ಗಿದೀಯ ಕಣವ್ವಾ!"

"ಇಲ್ಲ ಅಯ್ನೋರೆ, ನಾನು ವೈರ್ ಮುಟ್ಟೇ ಇಲ್ಲ."

"ಮುಟ್ಟದೆ ತಾನಾಗೇ ಹೋಯ್ತಾ? ಹದಿನೈದು ವರ್ಷದಿಂದ ಈ ಕೈಲಿ ಕಟ್ಟಿದ್ದು ಒಂದೂ ಬಿಚ್ಚಿಕೊಂಡಿಲ್ಲ."

ಸೊಪ್ಪು ಕೊಯ್ಯಲು ಬಂದ ಹೆಂಗಸರು ಕುಡುಗೋಲು ಹಿಡಿದು ನಿಂತಲ್ಲೇ ನಿಂತರು. ಜಗುಲಿಯ ಮೇಲೆ ದ್ರಾಕ್ಷಾಯಣಮ್ಮನ ಮುಖ ಬಿಗಿಯಿತು. ಅಂಜನಾ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚುತ್ತ ಹೊರಗೆ ಬಂದಾಗ ಅವಳು ಕೈ ಚಾಚಿದಳು. "ಬೀಗದ ಕೈ ಈಚೆ ಕೊಡು. ಇವತ್ತು ಓಬುಲೇಶ ಒಳಗೆ ನೋಡ್ಕಳ್ಳಿ."

ಹೊಗೆಸೊಪ್ಪು ತಿನ್ನುವವರೂ ಸೆಂಟು ಹಾಕಿದವರೂ ನುಗ್ಗಬಾರದೆಂದು ಹುಳದ ಮನೆಗೆ ಸದಾ ಬೀಗ. ಆ ಬೀಗದ ಕೈ ಯಾರ ಸೊಂಟದಲ್ಲಿದೆಯೋ ಹುಳ ಅವರದು. ಅಂಜನಾ ಸೊಂಟದಿಂದ ಬಿಚ್ಚಿ ಕೊಟ್ಟು, ಸೊಪ್ಪಿನ ಕೋಣೆಗೆ ಹೋಗಿ ಸೊಪ್ಪು ಬಾಡದಂತೆ ಹೊದಿಸಿದ ಗೋಣಿಚೀಲಕ್ಕೆ ನೀರು ಚಿಮುಕಿಸತೊಡಗಿದಳು.

ಆಳು ಓಬುಲೇಶ ಕೈ ತೊಳೆದು ಒಳಗೆ ಹೋಗಿ ಬಂದ. "ಎದ್ದವೆ ಕಣಮ್ಮೋ, ಎಲ್ಲಾ ಓಡಾಡ್ತವೆ. ಸೊಪ್ಪು ಹಾಕ್ಬಿಡ್ಲಾ?"

ಸೊಪ್ಪಿನ ಕೋಣೆಯಿಂದ ಅಂಜನಾಳ ದನಿ ಬಂತು: "ಅರ್ಧ ಇನ್ನೂ ಕೂತೇ ಅವೆ ಅತ್ತೆ."

ದ್ರಾಕ್ಷಾಯಣಮ್ಮ ಆ ಕಡೆಯೂ ನೋಡಲಿಲ್ಲ, ಈ ಕಡೆಯೂ ನೋಡಲಿಲ್ಲ. "ನನ್ನ ಕಣ್ಣಿಗೆ ಕಾಣಬೇಕು ಅಯ್ನೋರೆ. ಮಧ್ಯಾಹ್ನ ಒಂದು ಗಂಟೆಗಂಟ ತಡೀತೀನಿ. ಆಮೇಲೆ ಹುಳ ಹಸಿದು ಬಾಯಿ ಬಿಡ್ತವೆ, ಶಿವ ಅಂದಂಗೆ ಆಗ್ಲಿ ಅಂತ ಸೊಪ್ಪು ಹಾಕಿಸ್ತೀನಿ."

ಆಗ ಹನ್ನೊಂದೂವರೆ. ಅಯ್ನೋರು ಗಾಬರಿಯಾಗಲಿಲ್ಲ. ಬೆಳಗಿನ ಲಿಂಗಪೂಜೆಯಲ್ಲಿ ಕೂತಷ್ಟೇ ಸಮಾಧಾನದಿಂದ ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿದರು. ಮೊದಲು ಎರಡೂ ಪೆಟ್ಟಿಗೆಯನ್ನು ಒಂದೇ ಕಡೆ ತಂದು, ಪೆಟ್ಟಿಗೆಯ ಜೊತೆ ಬಂದಿದ್ದ ಮೊಳದುದ್ದದ ವೈರಿನಿಂದ ಸೇರಿಸಿದರು. ಕ್ಯಾಮೆರಾ ದ್ರಾಕ್ಷಾಯಣಮ್ಮನ ಅಂಗೈ ಮೇಲಿಟ್ಟರು. ಪರದೆಯ ತುಂಬ ಅವಳ ಕೈಗೆರೆ ಉಳುಮೆ ಮಾಡಿದ ಹೊಲದಂತೆ ಹರಡಿಕೊಂಡಿತು. ಹತ್ತು ನಿಮಿಷ ಕಾದರೂ ಅಲುಗಲಿಲ್ಲ.

"ಪೆಟ್ಟಿಗೆ ಸರಿ ಐತೆ. ಕ್ಯಾಮೆರಾ ಸರಿ ಐತೆ. ತಪ್ಪು ದಾರಿಯಲ್ಲೈತೆ," ಎಂದರು.

ಉದ್ದ ವೈರಿಗೆ ಮತ್ತೆ ಪರೀಕ್ಷೆಯ ಡಬ್ಬಿ ಸಿಕ್ಕಿಸಿದರು. ಒಂದು, ಎರಡು, ಮೂರು... ಎಂಟೂ ಬೆಳಗಿದವು. ಎಂಟನೆಯ ದೀಪ ನೋಡುತ್ತಿದ್ದ ಹಾಗೆ ಅವರ ಒಳಗೇನೋ ಚುಚ್ಚಿತು. ಅಂಜನಾ ಜಗ್ಗಿದ್ದರೆ ಒಂದಾದರೂ ಆರಬೇಕಿತ್ತು. ಆರಿಲ್ಲ. ಹುಡುಗಿ ನಿಜ ಹೇಳಿದ್ದಳು.

ಅವರು ವಾಗೀಶನಿಗೆ ಫೋನ್ ಹಚ್ಚಿದರು. ರಾಯದುರ್ಗದ ಜೀನ್ಸ್ ಹೊಲಿಯುವ ಅಂಗಡಿಗಳಲ್ಲಿ ಕಸೂತಿ ಯಂತ್ರಗಳಿಗೆ ಇಂಥ ಪೆಟ್ಟಿಗೆ ಕೂರಿಸಿ ಪಳಗಿದವನು ಅವನು. ಹಿಂದೆ ಹೊಲಿಗೆ ಯಂತ್ರಗಳ ಗದ್ದಲ ಕೇಳುತ್ತಿತ್ತು.

"ಹೇಳ್ರಿ ಅಯ್ನೋರ! ಹುಳ ದರ್ಶನ ಕೊಟ್ವೇನ್ರಿ?"

"ಕೊಟ್ಟು ಬಾಗಿಲು ಹಾಕ್ಕಂಡ್ವು. ಎಂಟು ದೀಪ ಉರೀತದೆ, ಲಿಂಕ್ ನಿಲ್ತಾ ಇಲ್ಲ."

"ಪ್ಲಗ್ಗಿನಾಗ ಬಣ್ಣ ಯಾವ ಸಾಲಿನಾಗ ಇಟ್ಟೀರಿ?"

"ಸಾಲಾಗೇ. ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ."

ಆ ಕಡೆ ಯಾರೋ ಯಂತ್ರ ನಿಲ್ಲಿಸಿದಂತಾಯಿತು. "ಅಯ್ಯಯ್ಯ! ಹಸಿರು ಜೋಡಿ ಬಿಡಿಸಿ ನಡುವ ನೀಲಿ ಜೋಡಿ ಕುಂದ್ರಿಸಬೇಕಲ್ರಿ. ಅದ್ಯಾಕ ಮಾಡಿಲ್ಲ?"

"ಗಂಡ ಹೆಂಡ್ತಿ ನಡುವೆ ಇನ್ನೊಂದು ಸಂಸಾರ ಯಾಕಯ್ಯಾ ಕೂರಿಸ್ಲಿ? ಆ ಬಣ್ಣದ ಸಾಲಿನ ಚಿತ್ರ ನಾನೂ ನೋಡಿದೀನಿ. ಬರೆದೋನು ಎಡವಟ್ಟು ಮಾಡಿದಾನೆ ಅಂದ್ಕಂಡೆ. ಹದಿನೈದು ವರ್ಷದಿಂದ ಹಿಂಗೇ ಕಟ್ಟಿದೀನಿ, ಎಲ್ಲಾ ನಡೀತವೆ."

ವಾಗೀಶ ನಕ್ಕ ನಗುವಿಗೆ ಫೋನೇ ಅಲುಗಿತು. "ನೀವು ಇಷ್ಟ ದಿನ ಕಟ್ಟಿದ್ದು ಅಂಗಡಿಯಿಂದ ಅಡಿಗಿಮನಿಗೆ ಇಪ್ಪತ್ತು ಅಡಿ, ಅದಕ್ಕ ನಡೀತದ್ರಿ. ಈ ಪೆಟ್ಟಿಗಿಗೆ ಪ್ಲಗ್ಗಿನ ಮೂರನೇ ಮನಿ, ಆರನೇ ಮನಿ ಒಂದು ಜೋಡಿ. ನೀವು ಮೂರರಾಗ ಹಸಿರಿನವನ್ನ ಇಟ್ಟೀರಿ, ಆರರಾಗ ನೀಲಿಯಾಕಿನ್ನ. ಈಗ ಇಬ್ರೂ ದಾರಿಗುಂಟ ಬ್ಯಾರೇದೋರ ಕೂಡ ಹೆಣಕೊಂಡು ಬರ್ತಾರ. ಅರವತ್ತು ಮೀಟರು ಹಂಗ ಬಂದ್ರ ಮಾತು ನೆಟ್ಟಗ ಮುಟ್ಟತದೇನ್ರಿ? ಸಾವಿರ ಲಗ್ನ ಮಾಡಿಸಿದೋರು ನೀವ, ನಾನು ಹೇಳಬೇಕೇನು!"

ಅಯ್ನೋರು ಫೋನ್ ಇಟ್ಟು ಮೊಳದುದ್ದದ ವೈರು ಎತ್ತಿ ಬೆಳಕಿಗೆ ಹಿಡಿದರು. ಗಾಜಿನಂಥ ಪ್ಲಗ್ಗಿನೊಳಗೆ ಹಸಿರು ಜೋಡಿ ಎರಡು ಬದಿಗೆ ಸರಿದು, ನಡುವೆ ನೀಲಿ ಜೋಡಿ ನಿಶ್ಚಿಂತೆಯಾಗಿ ಕೂತಿತ್ತು. ಅವರಿಗೆ ಮಠ ನೆನಪಾಯಿತು. ಸೋಮವಾರ ಮಠದಲ್ಲಿ ಗಂಡಸರು ಆ ಕಡೆ, ಹೆಂಗಸರು ಈ ಕಡೆ. ನಡುವೆ ಯಾರು ಯಾರದೋ ಸಂಸಾರ. ಹಾಗೆಂದು ಅವರ ಜೋಡಿ ತಪ್ಪಿತೇ? ಮನೆಯಿಂದ ಮಠದವರೆಗೆ ಯಾರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದರು ಎನ್ನುವುದರಲ್ಲಿದೆ ಎಲ್ಲ. ತಾವು ಬಾಗಿಲಲ್ಲಿ ಜೋಡಿ ಕಾಪಾಡಲು ಹೋಗಿ ದಾರಿಯುದ್ದಕ್ಕೂ ಮುರಿದಿದ್ದರು. ಅವರಿಗೇ ನಗು ಬಂತು. ನಗುತ್ತಲೇ ಎದ್ದು ಸೊಪ್ಪಿನ ಕೋಣೆಯ ಬಾಗಿಲಿಗೆ ಹೋದರು.

"ಅಂಜನಾ, ಬಾರವ್ವಾ ಈಚೆಗೆ."

ಅವಳು ಒದ್ದೆ ಕೈಯಲ್ಲೇ ಬಂದಳು. ಹೆಂಗಸರು ಇನ್ನೂ ಬೇವಿನ ಬುಡದಲ್ಲೇ ಇದ್ದರು. ಬೆಳಗ್ಗೆ ಅಂದಷ್ಟೇ ಗಟ್ಟಿಯಾಗಿ ಅಯ್ನೋರು ಅಂದರು: "ನೀನು ವೈರ್ ಜಗ್ಗಿಲ್ಲ ಕಣವ್ವಾ. ಕಟ್ಟಿದ್ದೇ ನಾನು ತಪ್ಪು ಕಟ್ಟಿದ್ದೆ. ಎಲ್ರ ಮುಂದೆ ನಿನ್ನ ಅಂದೆ, ಎಲ್ರ ಮುಂದೆ ಹೇಳ್ತಾ ಇದೀನಿ."

"ಬಿಡಿ ಅಯ್ನೋರೆ, ದೊಡ್ಡೋರು," ಎಂದಳು ಅಂಜನಾ, ನೆಲ ನೋಡುತ್ತ.

"ದೊಡ್ಡೋನಾದ್ರೆ ತಪ್ಪು ಸಣ್ಣದಾಗ್ತದಾ? ಬಾ, ಒಳಗೆ ಕ್ಯಾಮೆರಾ ಎಲ್ಲಿಡಬೇಕು ಅಂತ ನಿನಗೇ ಗೊತ್ತಿರೋದು. ಓಬುಲೇಶ ಇಟ್ಟರೆ ಹುಳದ ಬದಲು ಗೋಡೆ ಕಾಣ್ತದೆ."

"ಗೋಡೆನೂ ಚೆನ್ನಾಗೈತೆ ಸ್ವಾಮಿ, ಮೊನ್ನೆ ನಾನೇ ಸುಣ್ಣ ಬಳಿದಿದ್ದು," ಎಂದ ಓಬುಲೇಶ. ಹೆಂಗಸರು ನಕ್ಕರು. ದ್ರಾಕ್ಷಾಯಣಮ್ಮ ನಗಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಎರಡೂ ತುದಿ ಕತ್ತರಿಸಿದರು. ಎಳೆಗಳನ್ನು ಬಿಡಿಸಿ, ಬೆರಳಲ್ಲಿ ತೀಡಿ ನೇರ ಮಾಡಿದರು. ಕಿತ್ತಳೆ ಎರಡು. ಆಮೇಲೆ ಹಸಿರಿನ ಬಿಳಿ. ನೀಲಿ, ನೀಲಿಯ ಬಿಳಿ. ಆಮೇಲೆ ಹಸಿರು. ಕೊನೆಗೆ ಕಂದು. ಹೆಣಿಗೆಯನ್ನು ಪ್ಲಗ್ಗಿನ ಬಾಯಿಯವರೆಗೂ ಬಿಚ್ಚದೆ ಉಳಿಸಿದರು. ಒತ್ತುವ ಕೈಗೆ ಅನುಮಾನವೇ ಇರಲಿಲ್ಲ.

ಪೆಟ್ಟಿಗೆಯ ಹಸಿರು ದೀಪ ಹತ್ತಿತು. ಒಂದು ನಿಮಿಷ. ಐದು ನಿಮಿಷ. ಮಿಟುಕಲಿಲ್ಲ. ಕಂಪ್ಯೂಟರು ನಡುವೆ ನಿದ್ದೆಗೆ ಜಾರದಂತೆ, ಕ್ಯಾಮೆರಾದ ಕರೆಂಟು ಉಳಿಸಲು ಹೋಗಿ ಅದನ್ನೇ ಆರಿಸದಂತೆ ಸೆಟ್ಟಿಂಗಿನಲ್ಲಿ ಎರಡು ಕಡೆ ಒತ್ತಿ ಭದ್ರ ಮಾಡಿದರು.

ಪರದೆಯ ತುಂಬ ಹುಳ. ದ್ರಾಕ್ಷಾಯಣಮ್ಮ ಕನ್ನಡಕ ಏರಿಸಿ, ಕುರ್ಚಿ ಎಳೆದು, ಮೂಗು ತಾಗುವಷ್ಟು ಹತ್ತಿರ ಕೂತಳು. ಮೂರು ತಿಂಗಳ ಮೇಲೆ ಮೊದಲ ಸಲ. ಎದ್ದ ಹುಳಕ್ಕೆ ತಲೆ ದಪ್ಪ, ಬಣ್ಣ ಕಂದು, ಮೈ ಸುಕ್ಕು. ಅವು ಹೊಸ ಬಾಯಿಯಿಂದ ಅಕ್ಕಪಕ್ಕ ಸೊಪ್ಪು ಹುಡುಕುತ್ತಿದ್ದವು. ಏಳದವು ತಲೆ ಎತ್ತಿ, ಮೈ ಹೊಳೆಯುತ್ತ, ಲೋಕದ ಪರಿವೆಯಿಲ್ಲದೆ ಕೂತಿದ್ದವು. ಅವಳು ತುಟಿಯಲ್ಲೇ ಎಣಿಸಿದಳು.

"ಆ ಮೂಲೆ ತಟ್ಟೆ ತೋರ್ಸವ್ವಾ," ಎಂದಳು ಫೋನಿನಲ್ಲಿ.

ಒಳಗೆ ಅಂಜನಾ ಕ್ಯಾಮೆರಾ ಸರಿಸಿದಳು. ಚಿತ್ರ ಅಲುಗಿ ನಿಂತಿತು. ಮತ್ತೆ ಎಣಿಕೆ.

"ನೂರಕ್ಕೆ ಐವತ್ತೈದು," ಎಂದಳು ದ್ರಾಕ್ಷಾಯಣಮ್ಮ. "ಓಬುಲೇಶಾ, ಸೊಪ್ಪಿನ ಬುಟ್ಟಿ ಆ ಕಡೆ ಇಡು. ಇನ್ನೂ ಮೂರು ಗಂಟೆ ಬೇಕು."

"ಎಲ್ಲಾ ಎದ್ದಂಗೆ ಕಂಡ್ವಲ್ಲಮ್ಮೋ!"

"ಎದ್ದವು ಓಡಾಡ್ತವೆ, ಅವೇ ಕಣ್ಣಿಗೆ ಬೀಳ್ತವೆ. ಕೂತವು ಕಾಣ್ಬೇಕಾದ್ರೆ ನಾವೂ ಕೂರಬೇಕು." ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ, "ಅರ್ಧ ಕೂತವೆ ಅಂತ ಅವಳು ಆಗಲೇ ಅಂದ್ಲು," ಎಂದಳು.

ಅಯ್ನೋರು ಮಜ್ಜಿಗೆ ಕುಡಿದು, ಮಿಕ್ಕ ವೈರಿಗೆ ಮೊಳೆ ಹೊಡೆಯುತ್ತ ಉಳಿದರು. ಮೂರೂವರೆಗೆ ನೂರಕ್ಕೆ ತೊಂಬತ್ತು ದಾಟಿತು. ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಅಂಜನಾ ತೆಳ್ಳಗೆ ಉದುರಿಸುವುದನ್ನು ಜಗುಲಿಯಿಂದ ಇಬ್ಬರೂ ನೋಡಿದರು. ಹುಳಗಳೆಲ್ಲ ಒಂದೇ ಸಲ ಎಲೆಯ ಅಂಚಿಗೆ ಬಾಯಿ ಹಚ್ಚಿದವು. ದ್ರಾಕ್ಷಾಯಣಮ್ಮ ಎರಡೂ ಕೈ ಎತ್ತಿ ಪರದೆಗೆ ಮುಗಿದಳು.

ಅಂಜನಾ ಕೈಕಾಲು ತೊಳೆದು ಜಗುಲಿ ಹತ್ತಿದಳು. ಅತ್ತೆ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದು, ಸೊಸೆಯ ಒದ್ದೆ ಅಂಗೈಯಲ್ಲಿಟ್ಟು, ಅದರ ಮೇಲೆ ಬೆರಳುಗಳನ್ನು ಮಡಿಚಿದಳು.